ಇಂಜಿನ್ ಕೂಗುತ್ತದೆ, ಕಾರು ಎಳೆಯುವುದಿಲ್ಲ



ಪಟ್ಟಣದಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿ ದಣಿದ ಆಟೋಮ್ಯಾಟಿಕ್ ಕಾರು ಸೆಕೆಂಡ್ ಹ್ಯಾಂಡಾಗಿ ನಮ್ಮ ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಬರುತ್ತದೆ. ಕ್ಲಚ್ ತುಳಿಯುವ ಗೋಜಿಲ್ಲ, ಮನೆಯವರೆಲ್ಲ ಓಡಿಸಬಹುದು. ಆರು ತಿಂಗಳಾದ ಮೇಲೆ ಏರಿನಲ್ಲಿ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದರೆ ಮೊದಲ ಮಾತೇ, ‘ಗೇರ್‌ಬಾಕ್ಸ್ ಇಳಿಸಬೇಕು ಸರ್.’ ಇಳಿಸುವ ಮುಂಚೆ ಗೇರ್‌ಬಾಕ್ಸ್ ಆಯಿಲ್ ನೋಡಿದಿರಾ ಎಂದು ಕೇಳಬೇಕು. ಇವತ್ತು ನಾನು ಹೇಳಲು ಬಂದಿರುವುದು ಅಷ್ಟೇ.

ಪಿಕಪ್ ಇಲ್ಲ ಅಂದ ಮಾತ್ರಕ್ಕೆ ಗೇರ್‌ಬಾಕ್ಸ್ ಜಾರುತ್ತಿದೆ, ಅಂದರೆ ಸ್ಲಿಪ್ ಆಗುತ್ತಿದೆ, ಎಂದಲ್ಲ. ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳೂ ಏರದೆ ಕಾರು ಮುಲುಗುತ್ತಿದ್ದರೆ ದೋಷ ಹೆಚ್ಚಾಗಿ ಇಂಜಿನ್ನಿನದು. ಮುಳ್ಳು ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಹಾರಿ, ವೇಗ ಮಾತ್ರ ಇದ್ದಲ್ಲೇ ಇದ್ದರೆ ಅದು ಸ್ಲಿಪ್. ಕೆ.ಆರ್. ನಗರದ ಗದ್ದೆ ಬಯಲಿನ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತಾಗದೇ ಹೋಗಬಹುದು. ಕುಶಾಲನಗರ ದಾಟಿ, ಐದು ಜನರನ್ನು ಕೂರಿಸಿಕೊಂಡು ಮಡಿಕೇರಿ ಏರು ಹತ್ತುವಾಗ ಬಣ್ಣ ಬಯಲಾಗುತ್ತದೆ.

ನಿಮ್ಮ ಕಾರಿನಲ್ಲಿರುವುದು ಯಾವ ಜಾತಿಯ ಆಟೋಮ್ಯಾಟಿಕ್ ಎಂಬುದನ್ನೂ ತಿಳಿದಿರಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಬಂದ ಎಎಂಟಿಯ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್; ಕಾಲಿನ ಬದಲು ಯಂತ್ರ ಒತ್ತುತ್ತದೆ. ಅಲ್ಲಿ ಸ್ಲಿಪ್ ಆದರೆ ಮೊದಲ ಅನುಮಾನ ಕ್ಲಚ್ ಪ್ಲೇಟಿನ ಮೇಲೆ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಬೆಲ್ಟು ಮತ್ತು ಪುಲ್ಲಿ. ಜೋರಾಗಿ ಒತ್ತಿದಾಗ ಇಂಜಿನ್ ಮೊದಲು ಕೂಗುವುದು ಅದರ ಸ್ವಭಾವ, ಸ್ಲಿಪ್ ಅಲ್ಲ. ಒಂದೇ ಹೋಂಡಾ ಸಿಟಿಯಲ್ಲಿ 2008ರ ಮಾದರಿಗೆ ಐದು ಗೇರಿನ ಆಟೋಮ್ಯಾಟಿಕ್, 2014ರದಕ್ಕೆ ಸಿವಿಟಿ. ಎರಡಕ್ಕೂ ಆಯಿಲ್ ಬೇರೆ ಬೇರೆ. ‘ಎಲ್ಲಾ ಒಂದೇ ಬಿಡಿ’ ಎನ್ನುವವರ ಕೈಗೆ ಕಾರು ಕೊಡಬೇಡಿ.

ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ಇಂಜಿನ್ ಶಕ್ತಿಯನ್ನು ದಾಟಿಸುವುದೂ ಅದೇ, ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೂ ಅದೇ. ಬಾವಿಯ ನೀರು ತಗ್ಗಿದಾಗ ಪಂಪ್‌ಸೆಟ್ ಗಾಳಿ ಎಳೆಯುವ ಹಾಗೆ, ಆಯಿಲ್ ಕಡಿಮೆಯಾದರೆ ಒಳಗಿನ ಪಂಪು ಗಾಳಿ ಎಳೆದು ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ. ತಿರುವಿನಲ್ಲಿ, ಏರಿನಲ್ಲಿ ಆಯಿಲ್ ಒಂದು ಕಡೆಗೆ ಸರಿಯುವುದರಿಂದ ಮೊದಲು ಕಾಣಿಸಿಕೊಳ್ಳುವುದೂ ಅಲ್ಲೇ. ಇನ್ನು ಬೆಳಿಗ್ಗೆ ಸರಿಯಾಗಿದ್ದು, ಗಂಟೆ ಓಡಿಸಿ ಕಾದ ಮೇಲೆ ಜಾರತೊಡಗಿದರೆ, ತೆಳುವಾದ ಆಯಿಲ್ ಸವೆದ ಸೀಲುಗಳಿಂದ ನುಸುಳುತ್ತಿರಬಹುದು.

ಕೆಲವು ಕಾರುಗಳಿಗೆ ಆಯಿಲ್ ಕಡ್ಡಿ ಇದೆ, ಕೆಲವಕ್ಕೆ ಅಡಿಯಿಂದ ಪ್ಲಗ್ ಬಿಚ್ಚಿಯೇ ನೋಡಬೇಕು. ಇಂಜಿನ್ ಓಡುತ್ತಿರಬೇಕೋ ನಿಂತಿರಬೇಕೋ ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಕಾರು ಮಾತ್ರ ಸಮತಟ್ಟಾದ ಜಾಗದಲ್ಲಿರಲಿ. ಬಿಳಿ ಬಟ್ಟೆಗೆ ಒಂದು ತೊಟ್ಟು ಒರೆಸಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಕ್ಲಚ್ ಸುಟ್ಟಿದೆ, ಬರೀ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಬೆರೆತಿದೆ. ಕಾರನ್ನು ಅಲ್ಲೇ ನಿಲ್ಲಿಸಿ. ಬಣ್ಣ ಚೆನ್ನಾಗಿದ್ದು ಮಟ್ಟ ಮಾತ್ರ ಕಡಿಮೆ ಎಂದರೆ ನಿಮ್ಮ ಅದೃಷ್ಟ. ಈ ಆಯಿಲ್ ಇಂಜಿನ್ ಆಯಿಲಿನಂತೆ ಉರಿದು ಕಡಿಮೆಯಾಗುವುದಿಲ್ಲ, ಎಲ್ಲೋ ಸೋರಿದೆ ಎಂದೇ ಅರ್ಥ. ತಳದ ಗ್ಯಾಸ್ಕೆಟ್, ಆಕ್ಸಲ್ ಸೀಲು, ಕೂಲರ್ ಪೈಪು ನೋಡಿಸಿ.

ಕಾಣದ ರೋಗವೂ ಉಂಟು. ಆಯಿಲ್ ಹಾದಿ ತೆರೆದು ಮುಚ್ಚುವ ಸೊಲೆನಾಯ್ಡ್ ಕೆಟ್ಟರೂ ಗೇರ್ ಜಾರುತ್ತದೆ. ಅದಕ್ಕೆ ಸ್ಕ್ಯಾನರ್ ಹಾಕಿಸಬೇಕು. ಪಿ0730 ಎಂಬ ಕೋಡ್ ಬಂದರೆ ಗೇರಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂದಷ್ಟೇ ಅರ್ಥ; ಅದನ್ನೇ ತೋರಿಸಿ ಪೂರ್ತಿ ಗೇರ್‌ಬಾಕ್ಸ್ ಬದಲಿಸಿ ಎಂದರೆ ಒಪ್ಪಬೇಡಿ.

ಕೊನೆಗೊಂದು ಮಾತು, ಎಚ್.ಡಿ. ಕೋಟೆ ಕಡೆಯವರಿಗೆ. ಅಂತರಸಂತೆ ಆಚೆ ಕಾರು ನಿಂತರೆ ಯಾರದ್ದಾದರೂ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು ರೂಢಿ. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಇರುವ ಆಟೋಮ್ಯಾಟಿಕ್ ಕಾರಿಗೆ ಹಾಗೆ ಮಾಡಬೇಡಿ. ಇಂಜಿನ್ ನಿಂತಾಗ ಆಯಿಲ್ ಪಂಪೂ ನಿಂತಿರುತ್ತದೆ, ಚಕ್ರ ಮಾತ್ರ ಉರುಳಿದರೆ ಗೇರ್‌ಬಾಕ್ಸ್ ಒಳಗೆ ಒಣಗಿ ಸವೆಯುತ್ತದೆ. ಇಂಜಿನ್ ಶಕ್ತಿ ಹೋಗುವ ಚಕ್ರಗಳು ನೆಲ ಮುಟ್ಟಬಾರದು. ಇಡೀ ಕಾರನ್ನೇ ಹೊತ್ತೊಯ್ಯುವ ಗಾಡಿಗೆ ಫೋನ್ ಮಾಡಿ. ಅದು ಬರುವುದು ತಡವಾದರೂ ಕಾಯಿರಿ.