ಆ ಕಾಗದದಲ್ಲಿ ನಾವು ಕೊಂಡದ್ದೇನು?

(ಜುಮಾ ಖುತ್ಬಾದ ಸಾರಾಂಶ)



ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡಿರಿ ಎಂದು ನನಗೂ ನಿಮಗೂ ಉಪದೇಶಿಸುತ್ತೇನೆ. ಮಿಂಬರಿನ ಮುಂದೆ ಕುಳಿತಿರುವಾಗ ತಕ್ವಾ ಪಾಲಿಸುವುದು ಅಷ್ಟೇನೂ ಕಷ್ಟವಲ್ಲ. ಪೆನ್ನು ಕೈಗೆ ಕೊಟ್ಟು 'ಇಲ್ಲಿ ಒಂದು ಸಹಿ ಸರ್' ಎಂದು ಯಾರಾದರೂ ಹೇಳುವಾಗ ಅದು ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಇಂದು ಅಂಥದೊಂದು ಸಹಿಯ ಬಗ್ಗೆ ಮಾತನಾಡಲಿದ್ದೇನೆ.

ಕಳೆದ ತಿಂಗಳು ಇಶಾ ನಮಾಝಿನ ನಂತರ ನಮ್ಮ ಜಮಾಅತಿನ ಒಬ್ಬ ಸಹೋದರ ಪತ್ನಿಯನ್ನೂ ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಗಲ್ಫ್‌ನಿಂದ ರಜೆಗೆ ಬಂದವರು. ಕೈಯಲ್ಲಿ ದಪ್ಪನೆಯ ಫೈಲು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮಾಲ್ ಒಂದರಲ್ಲಿ ಲಕ್ಕಿ ಡ್ರಾದ ಚೀಟಿ ತುಂಬಿಸಿದ್ದರಂತೆ. 'ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬಂದು ಪಡೆದುಕೊಳ್ಳಬೇಕು' ಎಂದು ಫೋನು ಬಂತು. ಹೋಟೆಲೊಂದರ ಹಾಲ್‌ನಲ್ಲಿ ಮೂರು ಗಂಟೆ ಕುಳಿತರು. ಹೊರಬರುವಾಗ 25 ವರ್ಷಗಳ ರಜಾ ಸದಸ್ಯತ್ವಕ್ಕೆ ಸಹಿ ಹಾಕಿ, ಕಾರ್ಡ್ ಉಜ್ಜಿ ಮುಂಗಡ ಕೊಟ್ಟಾಗಿತ್ತು. ಆ ಹಣ ತಾಯಿಯ ಉಮ್ರಾಕ್ಕೆಂದು ಎತ್ತಿಟ್ಟದ್ದು.

ಅವರು ಹಲಾಲ್ ಹರಾಮ್ ಕೇಳಲು ಬಂದಿರಬಹುದು ಎಂದು ನಾನು ಭಾವಿಸಿದ್ದೆ. ಆದರೆ ಆ ಸಹೋದರಿ ಕೇಳಿದ್ದು ಬೇರೆಯೇ: "ಉಸ್ತಾದರೇ, ಈ ಕಾಗದದಲ್ಲಿ ನಾವು ಕೊಂಡದ್ದೇನು ಅಂತ ಓದಿ ಹೇಳ್ತೀರಾ?" ರಾತ್ರಿ ಹನ್ನೊಂದರವರೆಗೆ ಓದಿದೆವು. ಆ ಪ್ರಶ್ನೆಗೆ ನಮ್ಮ ಮೂವರಲ್ಲಿ ಯಾರಿಗೂ ಉತ್ತರ ಸಿಗಲಿಲ್ಲ.

ಟೈಮ್‌ಶೇರ್ ಎಂಬುದು ಹೊಸತಲ್ಲ. ಒಂದು ವಿಹಾರಧಾಮದ ಕೋಣೆಯಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು ಹಲವು ವರ್ಷಗಳಿಗೆ ಮುಂಚಿತವಾಗಿ ಕೊಳ್ಳುವುದು ಅದರ ಮೂಲ ರೂಪ. ಈಗ ಚಾಲ್ತಿಯಲ್ಲಿರುವ ಇನ್ನೊಂದು ರೂಪದಲ್ಲಿ ಕೋಣೆಯೂ ಇಲ್ಲ, ವಾರವೂ ಇಲ್ಲ, ಇರುವುದು ಪಾಯಿಂಟ್. ವರ್ಷಕ್ಕೆ ಇಷ್ಟು ಪಾಯಿಂಟ್ ನಿಮ್ಮ ಖಾತೆಗೆ ಬರುತ್ತದೆ. ಕೊಡಗಿನಲ್ಲೋ ಮುನ್ನಾರಿನಲ್ಲೋ ಗೋವಾದಲ್ಲೋ ಕೋಣೆ ಕಾದಿರಿಸಿದಾಗ ಅದರಿಂದ ಕಳೆಯುತ್ತಾರೆ. ಮಳೆಗಾಲದ ಮಂಗಳವಾರಕ್ಕೆ ಕಡಿಮೆ ಪಾಯಿಂಟ್, ಮೇ ತಿಂಗಳ ಶನಿವಾರಕ್ಕೆ ಹೆಚ್ಚು. ದೊಡ್ಡ ಕೋಣೆಗೆ ಇನ್ನೂ ಹೆಚ್ಚು.

ಇದು ಮೂಲದಲ್ಲೇ ಹರಾಮ್ ಎಂದು ನಾನು ಹೇಳುವುದಿಲ್ಲ. ವಸ್ತುವನ್ನು ಮಾರದೆ ಅದರ ಉಪಯೋಗವನ್ನು ಮಾತ್ರ ನಿರ್ದಿಷ್ಟ ಅವಧಿಗೆ ಕೊಡುವುದನ್ನು ಶರೀಅತ್ ಇಜಾರಾ ಎನ್ನುತ್ತದೆ. ಮನೆ ಬಾಡಿಗೆ, ಅಂಗಡಿ ಬಾಡಿಗೆ ಎಲ್ಲವೂ ಅದೇ. ಮಕ್ಕಾದ ಹರಮ್ ಎದುರಿಗೇ ಇರುವ ಝಮ್‌ಝಮ್ ಟವರ್‌ನ ಕೋಣೆಗಳನ್ನು ಬಳಸುವ ಹಕ್ಕನ್ನು 24 ವರ್ಷಗಳ ಅವಧಿಗೆ 'ಸುಕೂಕ್ ಅಲ್ ಇಂತಿಫಾ' ಎಂಬ ಹೆಸರಿನಲ್ಲಿ ಮಾರಿದ್ದು ಇದೇ ತತ್ವದ ಮೇಲೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ ಈ ವಿಷಯವನ್ನು ಚರ್ಚಿಸಿ, ಷರತ್ತುಗಳೊಂದಿಗೆ ಅನುಮತಿಸಿತು. ಆಸ್ತಿಯ ಪಾಲನ್ನೇ ಕೊಳ್ಳುವುದಾದರೆ ಮಾರಾಟದ ಷರತ್ತುಗಳು, ಉಪಯೋಗವನ್ನು ಮಾತ್ರ ಕೊಳ್ಳುವುದಾದರೆ ಇಜಾರಾದ ಷರತ್ತುಗಳು ಪೂರ್ಣವಾಗಬೇಕು. ಆದ್ದರಿಂದ ವಿದ್ವಾಂಸರು ಹಲಾಲ್ ಎಂದಿದ್ದಾರಲ್ಲ ಎಂದು ಮಾರುವವನು ಹೇಳಿದರೆ, ಷರತ್ತುಗಳೆಲ್ಲಿ ಎಂದು ಕೇಳುವುದು ಕೊಳ್ಳುವವನ ಕೆಲಸ.

ಆ ಷರತ್ತುಗಳು ಹೇಗಿರಬೇಕು ಎಂಬುದಕ್ಕೆ ಸೂರಾ ಅಲ್ ಕಸಸ್‌ನಲ್ಲಿ ಒಂದು ಕರಾರು ಇದೆ. ಈಜಿಪ್ಟ್‌ನಿಂದ ಬರಿಗೈಯಲ್ಲಿ ಮದ್‌ಯನ್ ತಲುಪಿದ ಮೂಸಾ(ಅ)ರೊಂದಿಗೆ ಅಲ್ಲಿನ ಆ ವೃದ್ಧರು, ಅವರು ಶುಐಬ್(ಅ) ಎಂದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ, ಮಾಡಿಕೊಂಡ ದುಡಿಮೆಯ ಒಪ್ಪಂದವದು. ಎಂಟು ವರ್ಷ ಕಡ್ಡಾಯ. ಹತ್ತು ಪೂರ್ತಿ ಮಾಡಿದರೆ ಅದು ಮೂಸಾ(ಅ)ರ ಔದಾರ್ಯ. ಪ್ರತಿಯಾಗಿ ಸಿಗುವುದೇನೆಂದೂ ಅಲ್ಲೇ ಸ್ಪಷ್ಟಪಡಿಸಲಾಗಿದೆ. ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುವ ಉದ್ದೇಶ ನನಗಿಲ್ಲ ಎಂದೂ ಆ ವೃದ್ಧರು ತಿಳಿಸುತ್ತಾರೆ. ಗಮನಿಸಿರಿ: ಹೆಚ್ಚುವರಿ ಎರಡು ವರ್ಷಗಳ ಆಯ್ಕೆ ದುರ್ಬಲನಾದವನ ಕೈಯಲ್ಲಿದೆ, ಬಲವಂತನ ಕೈಯಲ್ಲಲ್ಲ. ಯಾವ ಅವಧಿ ಮುಗಿಸಿದರೂ ತನ್ನ ಮೇಲೆ ದೋಷ ಬರಬಾರದು ಎಂದು ಮೂಸಾ(ಅ) ಕೂಡ ಮಾತು ಖಚಿತಪಡಿಸಿಕೊಳ್ಳುತ್ತಾರೆ. ಆಶ್ರಯವಿಲ್ಲದ, ಹಸಿದ ಮನುಷ್ಯ. ಆದರೂ ಸಂಕೋಚದಿಂದ ತಲೆಯಾಡಿಸಿ ಸುಮ್ಮನಾಗಲಿಲ್ಲ.

ಇನ್ನು ನಮ್ಮ ಮುಂದಿದ್ದ ಫೈಲಿಗೆ ಬರೋಣ. ಅದರಲ್ಲಿ ಎಷ್ಟು ಪಾಯಿಂಟ್ ಎಂದು ದೊಡ್ಡ ಅಕ್ಷರದಲ್ಲಿತ್ತು. ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಬೇಕೆಂಬ ಪಟ್ಟಿಯೂ ಇತ್ತು. ಕೆಲವು ಪುಟಗಳ ನಂತರ, ಆ ಪಟ್ಟಿಯನ್ನು ಕಾಲಕಾಲಕ್ಕೆ ಬದಲಿಸುವ ಹಕ್ಕು ಕಂಪೆನಿಗಿದೆ ಎಂದಿತ್ತು. ವಿಹಾರಧಾಮಗಳ ಪಟ್ಟಿಗೂ ಅದೇ ಮಾತು. ಕೋಣೆ ಸಿಗುವುದು ಲಭ್ಯತೆಗೆ ಒಳಪಟ್ಟು. ಬಳಸದ ಪಾಯಿಂಟ್ ಇಷ್ಟು ಅವಧಿಯ ನಂತರ ರದ್ದು. ಅಂದರೆ, ನಾವು ಕೊಡುವ ಹಣ ನಿಶ್ಚಿತ. ಪಡೆಯುವುದು ಮಾತ್ರ ಅನಿಶ್ಚಿತ. ಇದನ್ನೇ ಫಿಕ್‌ಹ್‌ನಲ್ಲಿ ಗರರ್ ಎನ್ನುತ್ತಾರೆ. ಗರರ್ ಇರುವ ಮಾರಾಟವನ್ನು ಪ್ರವಾದಿ(ಸ) ನಿಷೇಧಿಸಿದ್ದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಸಮುದ್ರದಲ್ಲಿರುವ ಮೀನನ್ನು ಮಾರುವುದು ಅದಕ್ಕೆ ವಿದ್ವಾಂಸರು ಕೊಡುವ ಉದಾಹರಣೆ. ಕರಾವಳಿಯ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯವಿದೆ, ಮಾರುವವರಿಗೆ ಅದು ಹೊಳೆಯುವುದಿಲ್ಲ, ನಮಗೆ ಹೊಳೆಯಬೇಕು. ಇಂಥ ಯೋಜನೆಗಳಲ್ಲಿ ವರ್ಷವನ್ನು ಋತುಗಳಾಗಿ ವಿಂಗಡಿಸಿ ಬೆಲೆ ಕಟ್ಟುತ್ತಾರೆ. ನಮ್ಮ ಹಬ್ಬಗಳಾದರೋ ಚಂದ್ರಮಾನದವು, ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. 25 ವರ್ಷಗಳಲ್ಲಿ ಈದ್ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ ರಮಝಾನ್ ಆರಂಭವಾಗಲಿದೆ. ಈದ್ ರಜೆಗೆಂದು ಇಂದು ಕೊಂಡ ಋತು ಕೆಲವೇ ವರ್ಷಗಳಲ್ಲಿ ಈದ್‌ನ ಋತುವಾಗಿ ಉಳಿಯುವುದಿಲ್ಲ. ಗಲ್ಫ್‌ನಲ್ಲಿರುವವರ ರಜೆಯೂ ಕಫೀಲನ ಕೈಯಲ್ಲಿದೆ. ಆರು ತಿಂಗಳು ಮೊದಲೇ ಕೋಣೆ ಕಾದಿರಿಸಲು ಅವರಿಗೆ ಸಾಧ್ಯವೇ? ಅಲ್ಲಿನ ಅಡುಗೆಮನೆಯಲ್ಲಿ ಮಾಂಸ ಹಲಾಲೇ ಎಂಬ ಪ್ರಶ್ನೆ ಬೇರೆ. ಅದನ್ನು ಪ್ರತಿ ಊರಿನಲ್ಲೂ ಹೊಸದಾಗಿ ಕೇಳಬೇಕಾಗುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಅವರ ಫೈಲಿನ ಅಂಕಿಗಳನ್ನು ಬಿಟ್ಟು, ಉದಾಹರಣೆಗೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ. ಸದಸ್ಯತ್ವದ ಬೆಲೆ 3,60,000 ರೂಪಾಯಿ. ಶೇ. 18 ಜಿಎಸ್‌ಟಿ 64,800. ಒಟ್ಟು 4,24,800. ಇಷ್ಟೇ ಎಂದು ಅನೇಕರು ತಿಳಿಯುತ್ತಾರೆ. ಆದರೆ ವಾರ್ಷಿಕ ನಿರ್ವಹಣಾ ಶುಲ್ಕವಿದೆ, ನೀವು ಹೋದರೂ ಹೋಗದಿದ್ದರೂ ಕಟ್ಟಬೇಕು. ಅದು 15,000 ಎಂದಿಟ್ಟರೆ ತೆರಿಗೆ ಸೇರಿ 17,700. ಒಂದು ಪೈಸೆಯೂ ಏರುವುದಿಲ್ಲ ಎಂದುಕೊಂಡರೂ 25 ವರ್ಷಕ್ಕೆ 4,42,500, ಅಂದರೆ ಸದಸ್ಯತ್ವದ ಬೆಲೆಗಿಂತ ಹೆಚ್ಚು. ಎರಡೂ ಸೇರಿ 8,67,300. ವರ್ಷಕ್ಕೆ ಏಳು ರಾತ್ರಿಯಂತೆ ಒಂದು ವರ್ಷವೂ ತಪ್ಪಿಸದೆ ಹೋದರೆ 175 ರಾತ್ರಿ. ರಾತ್ರಿಗೆ ಸುಮಾರು 4,956 ರೂಪಾಯಿ. ಊಟ, ಪ್ರಯಾಣ ಬೇರೆ. ಅರ್ಧ ವರ್ಷಗಳು ತಪ್ಪಿದರೆ ಆ ರಾತ್ರಿಗೆ ಹತ್ತು ಸಾವಿರದ ಹತ್ತಿರ. ಶುಲ್ಕ ಏರಿದರೆ ಇನ್ನೂ ಮೇಲೆ. ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದು, ಅದೇ ಊರಿನ ಒಳ್ಳೆಯ ಹೋಟೆಲಿಗೆ ಫೋನ್ ಮಾಡಿ ಬಾಡಿಗೆ ಕೇಳಿರಿ. ಅಷ್ಟೇ ಸಾಕು.

ಕಂತಿನಲ್ಲಿ ಕಟ್ಟುವುದಾದರೆ? ಮೇಲಿನ ಮೊತ್ತದ ಹತ್ತನೆಯ ಒಂದಂಶ ಮುಂಗಡ ಕೊಟ್ಟು, ಉಳಿದದ್ದಕ್ಕೆ ಶೇ. 15ರಂತೆ ನಾಲ್ಕು ವರ್ಷದ ಇಎಂಐ ಮಾಡಿಸಿದರೆ ಬಡ್ಡಿಯೇ 1,28,000 ದಾಟುತ್ತದೆ. ರಿಬಾದ ಬಗ್ಗೆ ಸೂರಾ ಅಲ್ ಬಕರಾದಲ್ಲಿರುವ ಎಚ್ಚರಿಕೆ ಎಷ್ಟು ಕಠಿಣವೆಂದು ನಿಮಗೆ ಗೊತ್ತಿದೆ. ಮನೆಯಿಲ್ಲದವನು, ಚಿಕಿತ್ಸೆಗೆ ಹಣವಿಲ್ಲದವನು ಬಂದು ಅಳುತ್ತಾ ಕೇಳುವಾಗ ನಮ್ಮ ಬಾಯಿ ತಡವರಿಸುತ್ತದೆ. ಊಟಿಯ ಚಳಿ ನೋಡಲು ಬಡ್ಡಿಗೆ ಸಾಲ ಮಾಡುವವನಿಗೆ ಹೇಳಲು ನನಗೆ ಯಾವ ತಡವರಿಕೆಯೂ ಇಲ್ಲ.

ಆ ಹಾಲ್‌ನ ವಿಷಯಕ್ಕೂ ಶರೀಅತ್‌ನಲ್ಲಿ ಒಂದು ಪಾಠವಿದೆ. ಮದೀನಾಕ್ಕೆ ಸರಕು ತರುತ್ತಿದ್ದ ವರ್ತಕ ತಂಡಗಳನ್ನು ಊರ ಹೊರಗೇ ತಡೆದು, ಪೇಟೆಯ ಬೆಲೆ ತಿಳಿಯುವ ಮುಂಚೆಯೇ ವ್ಯಾಪಾರ ಮುಗಿಸುವವರಿದ್ದರು. ಪ್ರವಾದಿ(ಸ) ಅದನ್ನು ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದು ನೋಡಿದ ಮೇಲೆ ವ್ಯಾಪಾರವನ್ನು ಉಳಿಸಿಕೊಳ್ಳುವ ಅಥವಾ ಮುರಿಯುವ ಹಕ್ಕನ್ನೂ ಕೊಟ್ಟರು. ಅಲ್ಲಿ ಮೋಸಹೋಗುತ್ತಿದ್ದವನು ಮಾರುವವನು, ಇಲ್ಲಿ ಕೊಳ್ಳುವವನು. ತಂತ್ರ ಒಂದೇ: ಪೇಟೆ ಕಾಣದ ಕಡೆ ಕೂರಿಸುವುದು. 'ಈ ಬೆಲೆ ಇಂದು ಮಾತ್ರ' ಎನ್ನುವುದು ಯಾಕೆ? ನಾಳೆ ನೀವು ಪೇಟೆಗೆ ಹೋಗುತ್ತೀರಿ ಎಂದೇ. 'ಇಷ್ಟು ದುಡಿಯುತ್ತೀರಿ, ಹೆಂಡತಿ ಮಕ್ಕಳಿಗೆ ವರ್ಷಕ್ಕೊಂದು ವಾರ ಕೊಡಲಾಗದೇ?' ಎಂದು ಆಕೆಯ ಮುಂದೆಯೇ ಕೇಳಿದರಂತೆ. ಆ ಸಹೋದರ ಸಹಿ ಹಾಕಿದ್ದು ಆ ಮಾತಿಗೆ. ಪತ್ನಿ ಆಮೇಲೆ ಹೇಳಿದರು: "ನನಗೆ ಬೇಡ ಅನ್ನಿಸಿತ್ತು. ಅಷ್ಟು ಜನರೆದುರು ಇವರನ್ನು ಸಣ್ಣವರನ್ನಾಗಿ ಮಾಡಬಾರದು ಅಂತ ಸುಮ್ಮನಿದ್ದೆ." ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯುತ್ತಾ ಇಬ್ಬರೂ ಬೇಡದ್ದನ್ನು ಕೊಂಡರು.

ಸಹಾಬಿಗಳಲ್ಲೂ ವ್ಯಾಪಾರದಲ್ಲಿ ಆಗಾಗ ಮೋಸಹೋಗುತ್ತಿದ್ದ ಒಬ್ಬರಿದ್ದರು. ಹಬ್ಬಾನ್ ಬಿನ್ ಮುನ್ಕಿದ್(ರ) ಎಂದು ಕೆಲವರು, ಅವರ ತಂದೆ ಎಂದು ಇನ್ನು ಕೆಲವರು ಹೆಸರಿಸುತ್ತಾರೆ. ತಲೆಗೆ ಪೆಟ್ಟಾಗಿ ಮಾತೂ ಸ್ಪಷ್ಟವಿರಲಿಲ್ಲ. ಪ್ರವಾದಿ(ಸ) ಅವರನ್ನು ಹಂಗಿಸಲಿಲ್ಲ, ವ್ಯಾಪಾರ ಬಿಡಲು ಒತ್ತಾಯಿಸಲೂ ಇಲ್ಲ. ಕೊಳ್ಳುವಾಗ ಮೋಸ ಸಲ್ಲದು ಎಂದು ಮೊದಲೇ ಷರತ್ತು ಹೇಳಿಬಿಡಲು ಕಲಿಸಿದರು. ಇಬ್ನು ಮಾಜಾದ ವರದಿಯಂತೆ, ಕೊಂಡದ್ದನ್ನು ಮರಳಿಸಲು ಮೂರು ರಾತ್ರಿಗಳ ಅವಕಾಶವನ್ನೂ ಕೊಟ್ಟರು. ಮೋಸಹೋಗುವುದು ನಾಚಿಕೆಯ ವಿಷಯವಲ್ಲ, ಸಹೋದರರೇ. ನಾಚಿಕೆಯಿಂದ ಅವಧಿ ಮೀರುವವರೆಗೆ ಫೈಲನ್ನು ಕಪಾಟಿನಲ್ಲಿ ಬಚ್ಚಿಡುವುದೇ ನಷ್ಟ.

ಏಕೆಂದರೆ ಆ ಮೂರು ದಿನಗಳಂಥ ಅವಕಾಶ ಈಗಲೂ ಕೆಲವು ಕಡೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2008ರ ನಿರ್ದೇಶನದಂತೆ ಟೈಮ್‌ಶೇರ್ ಕೊಂಡವನು 14 ದಿನಗಳೊಳಗೆ ಕಾರಣ ಕೊಡದೆಯೇ ಹಿಂದೆ ಸರಿಯಬಹುದು. ನಮ್ಮಲ್ಲಿ ಅದು ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಕೆಲವು ಕಂಪೆನಿಗಳು ಹತ್ತು ದಿನ ಕೊಡುತ್ತವೆ. ಆದ್ದರಿಂದ ಮೊದಲು ಆ ಪುಟವನ್ನೇ ಹುಡುಕಿರಿ. ಸೇವೆಯಲ್ಲಿ ಲೋಪವಾದರೆ, ಹೇಳಿದ್ದೊಂದು ಕೊಟ್ಟದ್ದೊಂದು ಆದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಬಾಯಿಮಾತಿನ ಭರವಸೆಗೆ ಸಾಕ್ಷಿ ಎಲ್ಲಿ? ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇದೆ. 'ಅದೆಲ್ಲ ಸಿಗುತ್ತೆ ಸರ್' ಎಂದವನಿಗೆ, ಹಾಗಾದರೆ ಇಲ್ಲಿ ಬರೆದುಕೊಡಿ ಎನ್ನಿರಿ.

45ರ ವಯಸ್ಸಿನವನು 25 ವರ್ಷದ ಕರಾರಿಗೆ ಸಹಿ ಹಾಕುವಾಗ ಮರಣವನ್ನೂ ನೆನೆಯಬೇಕು. ಸದಸ್ಯತ್ವ ವಾರಸುದಾರರಿಗೆ ಹೋಗುತ್ತದೆಯೇ, ಹೋದರೆ ಬಾಕಿ ಶುಲ್ಕವೂ ಜೊತೆಗೆ ಹೋಗುತ್ತದೆಯೇ? ಮೃತರ ಮೇಲೆ ಸಾಲವಿದೆಯೇ ಎಂದು ಪ್ರವಾದಿ(ಸ) ಜನಾಝಾಕ್ಕೆ ಮುನ್ನ ವಿಚಾರಿಸುತ್ತಿದ್ದ ಕಾಲವಿತ್ತು. ಅಬೂ ಕತಾದಾ(ರ) ಹೊಣೆ ಹೊತ್ತ ಮೇಲೆಯೇ ಒಬ್ಬರಿಗೆ ನಮಾಝ್ ಮಾಡಿಸಿದರು.

ಹಾಗಾದರೆ ಯಾರೂ ಕೊಳ್ಳಬಾರದೇ? ಬಡ್ಡಿಯಿಲ್ಲದೆ ಪೂರ್ತಿ ಹಣ ಕೊಡಬಲ್ಲವರು, ರಜೆಯ ದಿನಾಂಕ ತಮ್ಮ ಕೈಯಲ್ಲೇ ಇರುವವರು, ಪ್ರತಿವರ್ಷ ಹೋಗಿಯೇ ಹೋಗುವವರು, ಪಾಯಿಂಟಿನ ಪಟ್ಟಿ ಬದಲಾಗದೆಂದು ಕರಾರಿನಲ್ಲೇ ಬರೆಸಿಕೊಂಡವರು ಕೊಂಡರೆ ನನ್ನ ತಕರಾರಿಲ್ಲ. ಅಂಥ ಕರಾರು ಸಿಕ್ಕಿದರೆ ನನಗೂ ತೋರಿಸಿರಿ, ನಾನಿನ್ನೂ ನೋಡಿಲ್ಲ. ಕುಟುಂಬದೊಂದಿಗೆ ಪ್ರವಾಸ ಹೋಗುವುದು ಒಳ್ಳೆಯದೇ. ಅದಕ್ಕೆ ವರ್ಷಕ್ಕೊಮ್ಮೆ ಕೋಣೆ ಬಾಡಿಗೆಗೆ ಹಿಡಿದರಾಯಿತು.

ಆ ದಂಪತಿ ಬಂದಾಗ ಹತ್ತು ದಿನಗಳಲ್ಲಿ ನಾಲ್ಕು ಕಳೆದಿತ್ತು. ಮರುದಿನ ಬೆಳಿಗ್ಗೆ ರದ್ದತಿಯ ಪತ್ರ ಬರೆದು ಇಮೇಲ್ ಮಾಡಿದರು, ಸ್ವೀಕೃತಿ ಚೀಟಿಯೊಂದಿಗೆ ಅಂಚೆಯಲ್ಲೂ ಕಳುಹಿಸಿದರು. ಪತ್ರದ ಒಕ್ಕಣೆ ಆ ಸಹೋದರಿಯದು, ನಾಲ್ಕೇ ಸಾಲು. ಆಮೇಲೆ ದಿನಕ್ಕೆ ಐದಾರು ಫೋನು ಬಂದವು, ಇನ್ನಷ್ಟು ಪಾಯಿಂಟ್ ಕೊಡುತ್ತೇವೆ ಎಂದು. ಮುಂಗಡ ಇನ್ನೂ ಕೈಸೇರಿಲ್ಲ. ತಾಯಿಯ ಪಾಸ್‌ಪೋರ್ಟ್ ಮಾತ್ರ ಬಂದಿದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಫೈಲು ಇದ್ದರೆ ಭಾನುವಾರ ಅಸರ್ ನಂತರ ಮದ್ರಸದ ಕೋಣೆಗೆ ತನ್ನಿರಿ. ನಮ್ಮ ಜಮಾಅತಿನ ಒಬ್ಬ ವಕೀಲರು ಬರಲು ಒಪ್ಪಿದ್ದಾರೆ. ಗಂಡ ಹೆಂಡತಿ ಇಬ್ಬರೂ ಬನ್ನಿರಿ. ಇಲ್ಲಿ ಬಹುಮಾನವೇನೂ ಇಲ್ಲ, ಚಹಾ ಇರುತ್ತದೆ.