ಒಂದು ಕಂಪ್ಯೂಟರ್, ಎರಡು ವ್ಯವಸ್ಥೆ: ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ
(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಂಪ್ಯೂಟರ್ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದರು. ಮಹತ್ವ ಎಲ್ಲರಿಗೂ ಗೊತ್ತೇ ಇದೆ. ಆದುದರಿಂದ ಅವರ ಅನುಮತಿ ಪಡೆದು ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವಾಗ ಅವನ್ನು ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸ ಡಿಸ್ಕಿಗೆ ಸಾಗಿಸುವುದು ಹೇಗೆ ಎಂಬುದೇ ಆ ಕೆಲಸ. ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಎರಡು ವ್ಯವಸ್ಥೆ ಯಾಕೆ ಬೇಕು ಎಂದು ನೀವು ಕೇಳಬಹುದು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವರಿಗೆ ಇದರ ಉತ್ತರ ಗೊತ್ತು. ಉರ್ದು ಪ್ರಶ್ನೆಪತ್ರಿಕೆಗಳನ್ನು ನಾವು ಇನ್‌ಪೇಜ್‌ನಲ್ಲಿ ಮಾಡಿದೆವು. 1994ರಲ್ಲಿ ಬಂದ ಈ ತಂತ್ರಾಂಶ ನಸ್ತಾಲೀಕ್ ಬರಹವನ್ನು ಕೈಬರಹದಷ್ಟೇ ಅಂದವಾಗಿ ಮೂಡಿಸುತ್ತದೆ, ಆದರೆ ಓಡುವುದು ವಿಂಡೋಸ್‌ನಲ್ಲಿ. ಕನ್ನಡದ ಕಾಗದಪತ್ರಗಳೆಲ್ಲ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿವೆ. ಯುನಿಕೋಡ್‌ಗೆ ಮುಂಚಿನ ನುಡಿ ಕಡತಗಳನ್ನು ಬೇರೆ ಕಡೆ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹೀಗಾಗಿ ವಿಂಡೋಸ್ ಬಿಡುವಂತಿಲ್ಲ. ಇತ್ತ ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಪರಿಷ್ಕರಣೆಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷತಾ ಭಾಗವನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ದಾನವಾಗಿ ಬಂದ ನಮ್ಮ ಹಳೆಯ ಯಂತ್ರಗಳಲ್ಲಿ ಇವು ಎಲ್ಲಿಂದ ಬರಬೇಕು? ಆದ್ದರಿಂದ ಇಂಟರ್‌ನೆಟ್ ಕೆಲಸಕ್ಕೆ ಉಬುಂಟು, ಹಳೆಯ ಕಡತಗಳಿಗೆ ವಿಂಡೋಸ್ ಎಂದು ಇಟ್ಟುಕೊಂಡಿದ್ದೇವೆ. ಲಿನಕ್ಸ್ ಎಂದರೆ ಹೆದರುವವರಿಗೆ ಒಂದು ಮಾತು: ಕೇರಳದ ಸರಕಾರಿ ಶಾಲೆಗಳು, ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಐಟಿ ಪಾಠವನ್ನು ಲಿನಕ್ಸ್‌ನಲ್ಲೇ ಮಾಡುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ 2019ರಲ್ಲಿ ಉಬುಂಟು 18.04ನ್ನು ಆಧರಿಸಿದ ತನ್ನದೇ ಆವೃತ್ತಿಯನ್ನು ಶಾಲೆಗಳಿಗೆ ಕೊಟ್ಟಿತು.

ಈಗ ವಿಷಯಕ್ಕೆ ಬರೋಣ. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ 500 ಜಿಬಿಯದು. ತಿರುಗುವ ತಟ್ಟೆಯ ಡಿಸ್ಕು ವಯಸ್ಸಾದಂತೆ ಕಟಕಟ ಸದ್ದು ಮಾಡತೊಡಗಿತು. ಅದರ ಬದಲು ಎಸ್‌ಎಸ್‌ಡಿ ಹಾಕಬೇಕೆಂದು ತೀರ್ಮಾನವಾಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ತಟ್ಟೆಯ ಡಿಸ್ಕು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ.

ಇಲ್ಲೇ ಮೊದಲ ಎಡವಟ್ಟು. ನಾನು ತಂದದ್ದು 480 ಜಿಬಿಯ ಎಸ್‌ಎಸ್‌ಡಿ. ಹಳೆಯದು 500. ಒಳಗಿದ್ದ ಕಡತಗಳು ಅರ್ಧದಷ್ಟೂ ಇರಲಿಲ್ಲ, ಆದರೂ ಪೂರ್ತಿ ಡಿಸ್ಕಿನ ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶ 'ಗುರಿಯ ಡಿಸ್ಕು ಚಿಕ್ಕದು' ಎಂದು ಕೈಚೆಲ್ಲಿತು. ಕೊನೆಯಲ್ಲಿದ್ದ ಉಬುಂಟು ವಿಭಾಗವನ್ನು ಪೆನ್‌ಡ್ರೈವ್‌ನಿಂದ ಉಬುಂಟು ಶುರು ಮಾಡಿ ಜಿಪಾರ್ಟೆಡ್‌ನಲ್ಲಿ ಬಲಬದಿಯಿಂದ ಕುಗ್ಗಿಸಬೇಕಾಯಿತು. ಆಮೇಲೆ ಕ್ಲೋನ್‌ಜಿಲ್ಲಾದಲ್ಲಿ ಗಾತ್ರ ಪರೀಕ್ಷಿಸಬೇಡ ಎನ್ನುವ ಆಯ್ಕೆ ಗುರುತು ಮಾಡಬೇಕಾಯಿತು. 512 ಜಿಬಿ ತಂದಿದ್ದರೆ ಈ ತಾಪತ್ರಯವೇ ಇರಲಿಲ್ಲ. ಅಂಗಡಿಗೆ ಹೋಗುವ ಮುನ್ನ ಹಳೆಯ ಡಿಸ್ಕಿನ ಮೇಲಿನ ಚೀಟಿ ಓದಿಕೊಂಡು ಹೋಗಿರಿ.

ಕರೆಂಟಿನ ವಿಚಾರವನ್ನೂ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು. ನಕಲು ಮಾಡುವಾಗ ಕರೆಂಟ್ ಹೋದರೆ ಹೆಚ್ಚಿನ ಹಾನಿಯಿಲ್ಲ, ಏಕೆಂದರೆ ಹಳೆಯ ಡಿಸ್ಕನ್ನು ಬರೇ ಓದುತ್ತಿರುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಿದರಾಯಿತು. ಆದರೆ ವಿಭಾಗ ಕುಗ್ಗಿಸುವಾಗ ಹೋದರೆ ಮೂಲಕ್ಕೇ ಪೆಟ್ಟು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಪ್ರಶ್ನೆಪತ್ರಿಕೆ, ಲೆಕ್ಕಪತ್ರ, ಫೋಟೋಗಳನ್ನು ಅದಕ್ಕೆ ಮೊದಲೇ ಬೇರೆ ಡ್ರೈವಿಗೆ ಹಾಕಿಡಿ.

ವಿಂಡೋಸ್ 10 ಮತ್ತು 11 ಸಾಮಾನ್ಯವಾಗಿ 'ಶಟ್‌ಡೌನ್' ಎಂದರೂ ಪೂರ್ತಿ ಮಲಗುವುದಿಲ್ಲ. ಮುಂದಿನ ಸಲ ಬೇಗ ಏಳಲೆಂದು ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ನಕಲು ಮಾಡಿದರೆ ಅಥವಾ ಲಿನಕ್ಸ್‌ನಿಂದ ಅದರ ವಿಭಾಗಕ್ಕೆ ಬರೆದರೆ ಕಡತಗಳು ಕೆಡುವ ಸಂಭವವಿದೆ. ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಪೂರ್ತಿ ನಿಲ್ಲುತ್ತದೆ. ಹೊಸ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳು ಬಿಟ್‌ಲಾಕರ್ ಚಾಲೂ ಇದೆಯೇ ನೋಡಿಕೊಳ್ಳಿ. ಇದ್ದರೆ ಅದರ 48 ಅಂಕಿಗಳ ಕೀಲಿಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಈಗ ನನ್ನ ತಪ್ಪಿನ ಕತೆ. ನಕಲು ಮುಗಿಯಿತು. ಎರಡೂ ಡಿಸ್ಕುಗಳನ್ನು ಒಳಗೇ ಬಿಟ್ಟು ಕಂಪ್ಯೂಟರ್ ಶುರು ಮಾಡಿದೆ. ಉಬುಂಟು ಬಂತು. ಅಲ್ಹಮ್ದುಲಿಲ್ಲಾಹ್ ಎಂದೆ. ನಾಲ್ಕು ದಿನ ಕುಳಿತು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಸುಮಾರು ನಲವತ್ತು ಮಕ್ಕಳ ವಿವರ ಟೈಪ್ ಮಾಡಿದೆ: ಹೆಸರು, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರದ ಸಂಖ್ಯೆ ಇತ್ಯಾದಿ. ಹೊಸ ಡಿಸ್ಕಾದರೂ ಅಷ್ಟೇನೂ ಚುರುಕಾಗಿಲ್ಲವಲ್ಲ ಎಂದು ಒಮ್ಮೆ ಅನಿಸಿತ್ತು. ಹಳೆಯ ಯಂತ್ರ, ಇಷ್ಟೇ ಇರಬೇಕು ಎಂದು ಸುಮ್ಮನಾದೆ. ಐದನೆಯ ದಿನ ಪೆನ್‌ಡ್ರೈವ್‌ನಿಂದ ಶುರು ಮಾಡಿ ಹಳೆಯ ಡಿಸ್ಕನ್ನು ಅಳಿಸಿದೆ. ಮತ್ತೆ ಉಬುಂಟು ತೆರೆದಾಗ ನಲವತ್ತು ಮಕ್ಕಳ ಕಡತವೇ ಇಲ್ಲ!

ಆದದ್ದೇನೆಂದರೆ, ಪ್ರತಿಯೊಂದು ವಿಭಾಗಕ್ಕೂ ಯುಯುಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಉಬುಂಟು ತನ್ನ ಮನೆಯನ್ನು ಹುಡುಕುವುದು ಆ ಸಂಖ್ಯೆಯಿಂದ. ಪೂರ್ತಿ ನಕಲು ಮಾಡಿದಾಗ ಆ ಸಂಖ್ಯೆಯೂ ನಕಲಾಗುತ್ತದೆ. ಜಮಾಅತಿನ ಪಟ್ಟಿಯಲ್ಲಿ ಒಂದೇ ಹೆಸರು, ಒಂದೇ ತಂದೆಯ ಹೆಸರು, ಒಂದೇ ಮೊಹಲ್ಲಾದ ಇಬ್ಬರಿದ್ದರೆ ಪತ್ರ ಯಾರ ಮನೆಗೆ ಹೋಗುತ್ತದೆ? ನನ್ನ ಪತ್ರಗಳೆಲ್ಲ ಹಳೆಯ ಮನೆಗೇ ಹೋಗುತ್ತಿದ್ದವು. ಆ ಮನೆಯನ್ನು ನಾನೇ ಕೆಡವಿದೆ. ಹಳ್ಳಿಗಳಿಂದ ಮಕ್ಕಳನ್ನು ಮತ್ತೆ ಕಾಗದಪತ್ರ ಹಿಡಿದು ಬರಹೇಳಬೇಕಾಯಿತು. ಒಬ್ಬ ತಾಯಿ ಅಡಿಕೆ ಸುಲಿಯುವ ಕೂಲಿ ಬಿಟ್ಟು ಮಗಳ ಜೊತೆ ಬಸ್ಸಿನಲ್ಲಿ ಬಂದರು. 'ಏನೂ ಆಗಿಲ್ಲ ಮಾಸ್ತರೇ' ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಕೊನೆಯ ದಿನಾಂಕದ ಒಳಗೆ ಎಲ್ಲ ಅರ್ಜಿಗಳೂ ಹೋದವು ಎಂಬುದೊಂದೇ ಸಮಾಧಾನ.

ಆದ್ದರಿಂದ ನೆನಪಿಡಿ: ನಕಲು ಮುಗಿದ ಕೂಡಲೇ ಕಂಪ್ಯೂಟರ್ ನಿಲ್ಲಿಸಿ, ಹಳೆಯ ಡಿಸ್ಕಿನ ಕೇಬಲ್ ಕಳಚಿ, ಹೊಸದೊಂದರಿಂದಲೇ ಶುರು ಮಾಡಿ. ಉಬುಂಟು ತೆರೆಯಿರಿ, ವಿಂಡೋಸ್ ತೆರೆಯಿರಿ, ಎರಡರಲ್ಲೂ ಒಂದೆರಡು ಕಡತ ನೋಡಿರಿ. ಎರಡೂ ಡಿಸ್ಕು ಜೋಡಿಸಿದ್ದಾಗ ಎಲ್‌ಎಸ್‌ಬಿಎಲ್‌ಕೆ ಎಂಬ ಆದೇಶ ಕೊಟ್ಟರೆ ಉಬುಂಟು ಯಾವ ಡಿಸ್ಕಿನಿಂದ ಓಡುತ್ತಿದೆ ಎಂದು ತೋರಿಸುತ್ತದೆ. ಒಂದು ನಿಮಿಷದ ಕೆಲಸ, ನಾನು ಮಾಡಲಿಲ್ಲ. ವಿಂಡೋಸ್ ಈ ವಿಷಯದಲ್ಲಿ ಜಾಣ. ಒಂದೇ ಗುರುತಿನ ಎರಡು ಡಿಸ್ಕು ಕಂಡರೆ ಎರಡನೆಯದನ್ನು ಬಳಕೆಯಿಂದ ಹೊರಗಿಡುತ್ತದೆ.

ಎರಡರ ಪೈಕಿ ಒಂದನ್ನು ಮಾತ್ರ ಸಾಗಿಸಬೇಕೆನ್ನುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಶಿರಸಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯನ್ನು ನೆನಪಿಸಿಕೊಳ್ಳಿ. ಯಲ್ಲಾಪುರ ಬಸ್ಸು ಎಲ್ಲಿ, ಸಿದ್ದಾಪುರ ಬಸ್ಸು ಎಲ್ಲಿ ಎಂದು ಅಲ್ಲಿ ಕೇಳುತ್ತೇವೆ. ಡ್ಯುಯಲ್ ಬೂಟ್ ಕಂಪ್ಯೂಟರಿನಲ್ಲಿ ಗ್ರಬ್ ಎಂಬ ಪುಟ್ಟ ತಂತ್ರಾಂಶ ಆ ಕಿಟಕಿಯಿದ್ದಂತೆ. ಬಸ್ಸನ್ನು ಬೇರೆ ಅಂಕಣಕ್ಕೆ ಒಯ್ದು ಕಿಟಕಿಯವರಿಗೆ ಹೇಳದಿದ್ದರೆ ಪ್ರಯಾಣಿಕರು ಖಾಲಿ ಅಂಕಣದಲ್ಲಿ ನಿಲ್ಲುತ್ತಾರೆ. ಕಿಟಕಿಯೇ ಹಳೆಯ ಡಿಸ್ಕಿನಲ್ಲಿ ಉಳಿದಿರಬಹುದು. ಆ ಡಿಸ್ಕು ತೆಗೆದ ದಿನ ಎರಡೂ ವ್ಯವಸ್ಥೆಗಳು ಏಳುವುದಿಲ್ಲ. ಹಳೆಯ ಬಯಾಸ್ ಯಂತ್ರಗಳಲ್ಲಿ ಈ ಕಿಟಕಿ ಡಿಸ್ಕಿನ ಮೊಟ್ಟಮೊದಲ ತುಣುಕಿನಿಂದ ಆರಂಭವಾಗುತ್ತದೆ. ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಇಎಫ್‌ಐ ಎಂಬ ಸಣ್ಣ ವಿಭಾಗದಲ್ಲಿರುತ್ತದೆ.

ಉಬುಂಟು ಒಂದನ್ನೇ ಸಾಗಿಸುವುದು ಸುಲಭ. ವಿಭಾಗವನ್ನು ನಕಲು ಮಾಡಿ, ಅದಕ್ಕೆ ಹೊಸ ಯುಯುಐಡಿ ಕೊಟ್ಟು, ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಆ ಸಂಖ್ಯೆ ಬರೆದು, ಹೊಸ ಡಿಸ್ಕಿನ ಮೇಲೆ ಗ್ರಬ್ ಕೂರಿಸಿ, ಅಪ್‌ಡೇಟ್-ಗ್ರಬ್ ಆದೇಶ ಕೊಡಬೇಕು. ಆಮೇಲೆ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. 2021ರ ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸಂಯೋಜನೆ ಕಡತದಲ್ಲಿ ಅದಕ್ಕೆ ಅನುಮತಿ ಕೊಡಬೇಕು. ವಿಂಡೋಸ್ ಒಂದನ್ನೇ ಸಾಗಿಸುವುದು ಮೊಂಡುತನದ ಕೆಲಸ. ಅದರ ಬೂಟ್ ಕಡತಗಳನ್ನು ಬಿಸಿಡಿಬೂಟ್ ಆದೇಶದಿಂದ ಹೊಸ ಡಿಸ್ಕಿನಲ್ಲಿ ಮತ್ತೆ ಬರೆಯಬೇಕಾಗುತ್ತದೆ. ನನ್ನ ಅನುಭವದಲ್ಲಿ ಎರಡನ್ನೂ ಒಟ್ಟಿಗೆ, ಇಡೀ ಡಿಸ್ಕಾಗಿ ಸಾಗಿಸುವುದೇ ಕ್ಷೇಮ.

ಹಳೆಯ ಡಿಸ್ಕನ್ನು ಏನು ಮಾಡಬೇಕು? ಕನಿಷ್ಠ ಒಂದು ತಿಂಗಳು ಮುಟ್ಟಬೇಡಿ. ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ, ನಮ್ಮ ಕಡೆಯ ಥಂಡಿಗೆ ಬೂಸಲು ಹಿಡಿಯದಂತೆ ಮುಚ್ಚಳದ ಡಬ್ಬಿಯಲ್ಲಿಡಿ. ಮುಂದೆ ಅದನ್ನು ಮತ್ತೆ ಅದೇ ಕಂಪ್ಯೂಟರಿಗೆ ಜೋಡಿಸುವುದಾದರೆ ಮೊದಲು ಪೆನ್‌ಡ್ರೈವ್‌ನಿಂದ ಶುರು ಮಾಡಿ, ಯಾವುದು ಯಾವ ಡಿಸ್ಕು ಎಂದು ಎರಡು ಸಲ ನೋಡಿಕೊಂಡು, ಆಮೇಲೆ ಅಳಿಸಿರಿ.