ದೊಡ್ಡಪೇಟೆ ಎಲ್ಲಿದೆ? ನಡೆದು ನೋಡಿ!

(ಗೆಳೆಯರ ಬಳಗದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಬೇರೆಯವರ ಮಾತನ್ನು ಅಚ್ಚು ಹಾಕುವುದು ನನ್ನ ಕಸುಬು. ಇವತ್ತು ನನ್ನದೇ ಒಂದು ಮಾತಿದೆ, ಕೇಳಿ.

ಹೋದ ತಿಂಗಳು ನಿಮ್ಮಂಥ ಮೂವರು ಹುಡುಗರು ಕರಪತ್ರ ಮಾಡಿಸಲು ಬಂದರು. ತಲೆಬರಹ ‘ಬೆಂಗಳೂರು ನಮ್ಮದು’. ಸೇರುವ ಸ್ಥಳ ಅವೆನ್ಯೂ ರಸ್ತೆ. ‘ಆ ರಸ್ತೆಯ ಹಳೇ ಹೆಸರೇನಪ್ಪಾ?’ ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ನನಗೆ ನಗು ಬಂತು. ಮೇಜಿನ ಮೇಲಿದ್ದ ನನ್ನ ಬಿಲ್ ಪುಸ್ತಕ ಕಣ್ಣಿಗೆ ಬಿದ್ದಾಗ ಆ ನಗು ನಿಂತುಹೋಯಿತು. ಅಪ್ಪನ ಕಾಲದ ಬಿಲ್ಲಿನಲ್ಲಿ ‘ದೊಡ್ಡಪೇಟೆ’ ಎಂದಿತ್ತು. ಗಿರಾಕಿಗಳಿಗೆ ತಿಳಿಯುವುದಿಲ್ಲ ಎಂದು ಅದನ್ನು ತೆಗೆದು ‘ಅವೆನ್ಯೂ ರಸ್ತೆ’ ಹಾಕಿದವನು ನಾನೇ!

‘ಕರಪತ್ರ ಆಮೇಲೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ, ನಡೆಯೋಣ’ ಎಂದೆ. ನೀವೂ ಜೊತೆಗೆ ಬನ್ನಿ.

ಮೈಸೂರು ಬ್ಯಾಂಕ್ ವೃತ್ತದಿಂದ ಹೊರಡಿ. ಅಲ್ಲೇ ಯಲಹಂಕ ಗೇಟ್ ಆಂಜನೇಯನ ಗುಡಿಯಿದೆ. ಗೇಟು ಎಲ್ಲಿ? ಇಲ್ಲ! 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಉತ್ತರದ ಬಾಗಿಲು ಅದು. ಪೂರ್ವದ ಹಲಸೂರು ಬಾಗಿಲೂ ಹೋಯಿತು, ಪೊಲೀಸ್ ಠಾಣೆಯ ಹೆಸರಿನಲ್ಲಿ ಉಳಿಯಿತು. ಕಲ್ಲು ಬಿದ್ದರೂ ಹೆಸರು ಬೀಳಲಿಲ್ಲ.

ದಕ್ಷಿಣಕ್ಕೆ ನಡೆಯಿರಿ. ಚಿಕ್ಕಪೇಟೆ ಅಡ್ಡ ಬರುವ ಚೌಕದಲ್ಲಿ ನಿಲ್ಲಿ. ಇಲ್ಲಿಂದಲೇ ಎತ್ತು ಹೂಡಿ ನಾಲ್ಕು ದಿಕ್ಕಿಗೂ ಗೆರೆ ಎಳೆಸಿದರೆಂದು ಜನ ಹೇಳುತ್ತಾರೆ. ಸುತ್ತಲಿನ ಹೆಸರುಗಳನ್ನು ಬಾಯಿಬಿಟ್ಟು ಓದಿ: ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಯಾರು ಏನು ಮಾಡುತ್ತಿದ್ದರು, ಏನು ಮಾರುತ್ತಿದ್ದರು ಎಂದು ಹೆಸರೇ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಚರಿತ್ರೆ ಪುಸ್ತಕ ಬೇಕೇ?

ತಿಗಳರಪೇಟೆಗೆ ಹೊರಳಿ, ಧರ್ಮರಾಯನ ಗುಡಿ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿಂದ ಹೊರಡುವ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಪೇಟೆಯಲ್ಲಿ ಮನೆಮಾತು ಹತ್ತಾರು ಇದ್ದವು, ಇವೆ. ಬೀದಿಯ ಮಾತು ಮಾತ್ರ ಕನ್ನಡ. ನಮ್ಮ ಹಿರಿಯರು ಎಲ್ಲರನ್ನೂ ಸೇರಿಸಿಕೊಂಡೇ ಕನ್ನಡ ಉಳಿಸಿದರು. ಮರೆಯಬೇಡಿ!

ಮತ್ತೆ ದೊಡ್ಡಪೇಟೆ ಹಿಡಿದರೆ ಕೊನೆಗೆ ಸಿಗುವುದು ಕೃಷ್ಣರಾಜ ಮಾರುಕಟ್ಟೆ. ಅದು ಎದ್ದ ಜಾಗ ಮೊದಲು ಸಿದ್ದಿಕಟ್ಟೆ ಎಂಬ ಕೆರೆಯಂಗಳ. ದಾಟಿದರೆ ಕೋಟೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನದು ಮಾಡಿಸಿದ. 1791ರ ಮಾರ್ಚ್‌ನಲ್ಲಿ ಬ್ರಿಟಿಷರು ಮೊದಲು ಪೇಟೆಯನ್ನು, ಆಮೇಲೆ ಕೋಟೆಯನ್ನು ಹಿಡಿದರು. ಈಗ ಉಳಿದಿರುವುದು ಒಂದು ತುಂಡು. ಪಕ್ಕದಲ್ಲೇ ಟಿಪ್ಪುವಿನ ಮರದ ಕಂಬದ ಅರಮನೆ, ಕೋಟೆ ವೆಂಕಟರಮಣನ ಗುಡಿ.

ಅಷ್ಟು ನಡೆದ ಮೇಲೆ ಹುಡುಗನೊಬ್ಬ, ‘ಅಣ್ಣಾ, ನಾನು ಇಲ್ಲೇ ಹುಟ್ಟಿದವನು, ಒಂದೂ ನೋಡಿರಲಿಲ್ಲ’ ಎಂದ. ನಾನೇನು ಹೇಳಲಿ? ನೋಡಿದ್ದ ನಾನೇ ಹೆಸರು ಅಳಿಸಿದ್ದೆನಲ್ಲ!

ಗೆಳೆಯರೇ, ಬೇಗೂರಿನ ನಾಗೇಶ್ವರ ಗುಡಿಯ ವೀರಗಲ್ಲಿನಲ್ಲಿ, ಕ್ರಿ.ಶ. 890ರ ಸುಮಾರಿಗೇ, ಬೆಂಗಳೂರಿನ ಕಾಳಗದ ಮಾತು ಹಳಗನ್ನಡದಲ್ಲಿ ಕೆತ್ತಿದೆ. ಕಲ್ಲಿನಲ್ಲಿ ಸಾವಿರ ವರ್ಷ ದಾಟಿ ಬಂದ ಹೆಸರು ಈ ಊರಿನದು. ಅದರ ಬೀದಿಯ ಹೆಸರು ನನ್ನ ಬಿಲ್ ಪುಸ್ತಕದಲ್ಲಿ ಒಂದು ತಲೆಮಾರು ಬಾಳಲಿಲ್ಲ.

ಕರಪತ್ರ ಅಚ್ಚಾಯಿತು. ಸೇರುವ ಸ್ಥಳ: ದೊಡ್ಡಪೇಟೆ. ನನ್ನ ಹೊಸ ಬಿಲ್ ಪುಸ್ತಕದಲ್ಲೂ ಅದೇ. ಗಿರಾಕಿ ಎಲ್ಲಿ ಎಂದು ಕೇಳಿದರೆ ಹೇಳುತ್ತೇನೆ, ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ನೀವೂ ನಿಮ್ಮ ವಿಳಾಸ ಬರೆಯುವಾಗ, ಆಟೋದವರಿಗೆ ದಾರಿ ಹೇಳುವಾಗ, ಹಳೇ ಹೆಸರು ಹೇಳಿ. ಊರು ನಮ್ಮದು ಎಂದು ಬಾಯಿ ಕೂಗುವ ಮೊದಲು ಕಾಲಿಗೆ ಅದರ ಬೀದಿ ಗೊತ್ತಿರಲಿ.

ಸಿರಿಗನ್ನಡಂ ಗೆಲ್ಗೆ!